ರಾಹೇಲಳ ತೆರೆದ ಕಣ್ಣು

ಒಂದು ಕಣ್ಣು ತೆರೆದೇ ಇದೆ, ಬಲಗಣ್ಣು, ರೆಪ್ಪೆಯ ಸಂದಿಯಲ್ಲಿ ಕರಿಗುಡ್ಡೆ ಅತ್ತಿತ್ತ ಓಡಾಡುತ್ತಿದೆ, ಅಯ್ಯಗಾರ ಬೂಟಿನಿಂದ ಜಗಲಿಯ ಕೋಳಿಗೆ, ಕೋಳಿಯಿಂದ ಅವರ ಕೈಯಲ್ಲಿರುವ ಮಸಿಪೆನ್ನಿಗೆ — ಮುಚ್ಚೇ ರಾಹೇಲು, ಪ್ರಾರ್ಥನೆಯ ಹೊತ್ತಿನಲ್ಲಿ ಯಾರಾದರೂ ಕಣ್ಣು ಬಿಡುತ್ತಾರೆಯೇ, ಎಂದು ರೂತಮ್ಮ ಮನಸ್ಸಿನಲ್ಲೇ ಮಗಳನ್ನು ಗದರಿದಳು, ಮತ್ತೆ ಅದನ್ನು ನೋಡುತ್ತಿರುವ ನನ್ನ ಕಣ್ಣು ಇನ್ನೇನು ಮಾಡುತ್ತಿದೆ ಎಂದು ನಗು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಡಕಶಿರದಿಂದ ಬೆಳಗಾಗುತ್ತಲೇ ಸೈಕಲ್ಲು ತುಳಿದುಕೊಂಡು ಬಂದ ಪಾದ್ರಿ ದೇವಸಹಾಯಂ ಅಯ್ಯಗಾರು, ಮೊದಲುಪೆಟ್ಟು ತಲ್ಲೀ, ಶುರುಮಾಡು ತಾಯೀ, ಎಂದು ತೆಲುಗಿನಲ್ಲಿ ಅಪ್ಪಣೆ ಕೊಟ್ಟಾಗಿದೆ, ತೆಲುಗು ಪ್ರಾರ್ಥನೆ ಮಗಳ ಬಾಯಿಂದ ಬಾವಿಯ ರಾಟೆಯಂತೆ ಗಡಗಡನೆ ಇಳಿಯುತ್ತಿದೆ, ತಪ್ಪದೆ ಮುಗಿಸಿದರೆ ಮನೆಯಲ್ಲೇ ಅಮ್ಮನ ಹತ್ತಿರ ಓದಬಹುದು, ತಪ್ಪಿದರೆ ಜೂನ್ ತಿಂಗಳಿಗೆ ದೂರದ ಬೋರ್ಡಿಂಗು, ಅವರ ತೊಡೆಯ ಮೇಲಿನ ಪಟ್ಟಿಯಲ್ಲಿ ಹೆಸರು ಆಗಲೇ ಇದೆ, ಏಳು ವರ್ಷದ ಕೂಸಿನ ಹೆಸರು. ಒಂದು ವರ್ಷ ಮಗುವನ್ನು ನಿನ್ನ ಹತ್ತಿರವೇ ಬಿಟ್ಟಿರುತ್ತೇನೆ ರೂತಮ್ಮಾ, ಏನು ಕಲಿಸುತ್ತೀಯೋ ನೋಡೋಣ ಎಂದಿದ್ದರು ಹೋದ ವರ್ಷ, ಅದನ್ನೂ ತೆಲುಗಿನಲ್ಲೇ.

ಸುವಾರ್ತೆ ಬೋರ್ಡಿಂಗಿಗೆ ಹೋಗಿದ್ದಳಲ್ಲ, ದೊಡ್ಡ ಮಗಳು, ರಜೆಗೆ ಬಂದವಳು ಹತ್ತು ಆಜ್ಞೆಗಳನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು, ಊಟ ಸೇರತದೇನವ್ವ, ಯಾರ ಮಗ್ಗಲಿಗೆ ಮಲಗ್ತಿ, ಯಾಕ ನಗವಲ್ಲಿ ಎಂದು ಕೇಳಿದರೆ ಮಾತ್ರ ನೆಲ ನೋಡಿದಳು, ಪಾಠವೆಲ್ಲ ಬಂದಿತ್ತು, ಮಗಳೇ ಬಂದಿರಲಿಲ್ಲ — ಚಿಕ್ಕವಳನ್ನು ಕೊಡಲಾರೆ ಎಂದು ರೂತಮ್ಮ ಅವತ್ತೇ ಹಟ ಹಿಡಿದಳು. ಮದರಾಸಿನಿಂದ ಬಂದ ಪಾಠಪುಸ್ತಕ ಒಂದೇ ಒಂದು, ಉಳಿದಂತೆ ಬೀಸುವ ಕಲ್ಲಿನ ಸುತ್ತ ಉದುರಿದ ರಾಗಿಹಿಟ್ಟೇ ಹಲಗೆ, ಬೆರಳೇ ಬಳಪ, ಗಂಡ ಸಂಜೀವಪ್ಪ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ತಂದಿಳಿಸಿದರೆ ಕೂಡುವ ಲೆಕ್ಕ, ತಪ್ಪಿಸಿಕೊಂಡ ಕುರಿಯ ಕಥೆ ಹೇಳುವ ದಿನ ಒಂದು ಕೋಳಿಮರಿಯನ್ನು ಕುಕ್ಕೆಯ ಕೆಳಗೆ ಬಚ್ಚಿಟ್ಟಿದ್ದಳು, ಮಗು ಹಿತ್ತಿಲೆಲ್ಲ ಹುಡುಕಿ ಹುಡುಕಿ, ಸಿಕ್ಕ ಮೇಲೆ ಎದೆಗೊತ್ತಿಕೊಂಡು ಅತ್ತೇಬಿಟ್ಟಳು, ಆ ಕಥೆಯನ್ನು ಎರಡನೇ ಸಲ ಹೇಳಬೇಕಾಗಲೇ ಇಲ್ಲ, ಎಂಥ ಸುಖದ ವರ್ಷ! ನಿನ್ನೆ ಬೆಳಿಗ್ಗೆ ಇದೇ ರಾಹೇಲು ಹಿತ್ತಿಲಲ್ಲಿ ಕದ್ದ ಬೆಲ್ಲ ಕಡಿಯುತ್ತ ಕೋಳಿಗೆ ಧೈರ್ಯ ಹೇಳುತ್ತಿದ್ದಾಳೆ, ಹೆದರ್ಕಬೇಡ ಕಣೇ, ದೇವ್ರಿಗೆ ಗೊತ್ತಾಗಲ್ಲ, ನಾವು ಕನ್ನಡದಾಗೆ ಮಾತಾಡ್ತಾ ಇದೀವಲ್ಲ. ಏನಂದಿ? ಹೂಂ ಕಣಮ್ಮ, ದೇವ್ರ ಪುಸ್ತಕ ತೆಲುಗು, ಹಾಡು ತೆಲುಗು, ಅಯ್ಯಗಾರೂ ದೇವ್ರನ್ನ ತೆಲುಗಲ್ಲೇ ಮಾತಾಡ್ಸೋದು, ನಮ್ ಮಾತು ದೇವ್ರಿಗೆ ಎಲ್ಲಿ ಬರುತ್ತೆ? ಬಿದ್ದು ಬಿದ್ದು ನಕ್ಕಳು ರೂತಮ್ಮ, ಗಂಡನನ್ನು ಕರೆದು ಹೇಳಿ ಮತ್ತೆ ನಕ್ಕಳು, ಒಲೆಯ ಮುಂದೆ ಕೂತಾಗ ನಗು ಸರ್ರನೆ ಇಳಿಯಿತು — ಹಾಗಾದರೆ ಅಕ್ಕನ ಚಾಪೆ ಖಾಲಿ ಎನ್ನುವ ದುಃಖ, ಬೋರ್ಡಿಂಗಿನ ಭಯ, ಎಲ್ಲವನ್ನೂ ಕೋಳಿಗೆ ಹೇಳಿಕೊಂಡಿದ್ದಾಳೆ, ದೇವರಿಗೆ ಒಂದನ್ನೂ ಹೇಳಿಲ್ಲ, ಅದಕ್ಕೇ ಇವತ್ತು ಆ ಕಣ್ಣು ತೆರೆದಿರುವುದು, ತನ್ನದೇನೂ ಇಲ್ಲದ ಪ್ರಾರ್ಥನೆಗೆ ಎರಡು ಕಣ್ಣನ್ನೂ ಯಾಕೆ ಮುಚ್ಚಬೇಕು? ಇದನ್ನು ಕಲಿಸಿದ್ದು ಯಾರು, ನಾನೇ, ಹಿಟ್ಟಿನ ಮೇಲೆ ಬೆರಳು ಹಿಡಿದು ತಿದ್ದಿಸಿದವಳೇ ನಾನು. ರಾಯದುರ್ಗದಲ್ಲಿ ಅವ್ವ ರೊಟ್ಟಿ ಬಡಿಯುತ್ತಲೇ ದೇವರ ಜೊತೆ ಮಾತಾಡುತ್ತಿದ್ದಳು, ಯಪ್ಪಾ ತಂದಿ, ಈ ಹುಡುಗಿಗೆ ನೆಗಡಿ ಆಗೇತ್ರಿ, ಒಂಚೂರು ನೋಡ್ರಿ, ಅವರೇನೋ ಪಕ್ಕದ ಕೋಣೆಯಲ್ಲಿದ್ದಾರೆ ಎನ್ನುವ ಹಾಗೆ. ಅಂಥ ಅವ್ವನ ಮಗಳು ಮದುವೆಯಾಗಿ ಈ ಸೀಮೆಗೆ ಬಂದು ಹನ್ನೊಂದು ವರ್ಷ ಚರ್ಚಿನ ಸಭೆಯವರ ಜೊತೆ ತೆಲುಗಿನಲ್ಲೇ ಕೈ ಮುಗಿದಳು, ತನ್ನ ಮಾತನ್ನು ಎಲ್ಲಿಟ್ಟಳೋ ಮರೆತೇ ಹೋಯಿತು. ಮಗುವಿಗೆ ನಿನ್ನೆಯೇ ತಿಳಿಸಿ ಹೇಳಬೇಕಿತ್ತು, ಹೇಳಲಿಲ್ಲ, ನಾಳೆ ಪರೀಕ್ಷೆ, ಈಗ ಕನ್ನಡ ಹೊಕ್ಕರೆ ತೆಲುಗು ಕಲಸಿಹೋದೀತೆಂಬ ಹೆದರಿಕೆ.

ಗಡಗಡ ನಿಂತಿತು. ಮಗು ಮರೆತಿದೆ. ಮುಂದಿನ ಮಾತು ರೂತಮ್ಮನ ನಾಲಿಗೆಯ ತುದಿಯಲ್ಲೇ ಇದೆ, ತುಟಿ ಅಲ್ಲಾಡಿಸಿದರೆ ಸಾಕು, ಆ ಕಣ್ಣು ಇವಳ ತುಟಿಯನ್ನೇ ನೋಡುತ್ತಿದೆ, ಪೆನ್ನು ಪಟ್ಟಿಯ ಮೇಲೆ ಕಾದಿದೆ, ಹೇಳಿಕೊಟ್ಟರೆ ಮಗು ಉಳಿಯುತ್ತಾಳೆ, ಕಣ್ಣು ಮಾತ್ರ ಮುದುಕಿಯಾಗುವ ತನಕ ಹಾಗೇ ತೆರೆದಿರುತ್ತದೆ, ಹೇಳಿಕೊಡದಿದ್ದರೆ — ನಿನ್ನ ಮಾತಿನಾಗ ಹೇಳವ್ವ, ಎಂದುಬಿಟ್ಟಳು, ಗಟ್ಟಿಯಾಗಿ. ಅಯ್ಯಗಾರು ತಲೆಯೆತ್ತಿದರು. ದೇವ್ರಿಗೆ ಬರುತ್ತಾ ಅಮ್ಮ? ಬರತದ, ನಿಮ್ಮಜ್ಜಿ ಮಾತು ತಿಳೀತಿತ್ತು, ನಿಂದೂ ತಿಳೀತದ. ಅಯ್ಯೋ, ಏನು ಮಾಡಿದೆ, ಒಂದು ವರ್ಷದ ದುಡಿಮೆಯೆಲ್ಲ ಒಂದೇ ಮಾತಿಗೆ ಹೋಯಿತಲ್ಲ. ದೇವ್ರೇ, ಬೆಲ್ಲ ತಿಂದೋಳು ನಾನೇ ಕಣಪ್ಪ, ನಿಂಗೆ ಗೊತ್ತಾಗಲ್ಲ ಅಂದ್ಕಂಡಿದ್ದೆ, ತಪ್ಪಾಯ್ತು, ಅಕ್ಕ ಅಲ್ಲಿ ಒಬ್ಳೇ ಅವ್ಳೆ, ಅವ್ಳಿಗೆ ನಗು ಬರೋ ಹಂಗೆ ಮಾಡು, ಅಯ್ಯಗಾರು ಸೈಕಲ್ ತುಳ್ಕಂಡ್ ಬಂದವ್ರೆ, ಅವ್ರ ಮಂಡಿ ನೋಯ್ತಾ ಇರುತ್ತೆ, ನನ್ನ ಕಳಿಸ್ಬೇಡ, ಕಳಿಸಿದ್ರೆ ಅಮ್ಮನ್ನೂ ಕಳಿಸು, ಕೋಳಿನೂ. ಅಯ್ಯಗಾರ ಕಡೆಯಿಂದ ಒಂದು ಸದ್ದು, ಕೆಮ್ಮೋ ನಗುವೋ, ಹಿಂದೆಯೇ ಪೆನ್ನಿನ ಕರಕರ, ರೂತಮ್ಮ ಹೆದರುತ್ತಲೇ ಅತ್ತ ಕಣ್ಣು ಹೊರಳಿಸಿದಳು, ಪಟ್ಟಿಯಲ್ಲಿ ರಾಹೇಲಳ ಹೆಸರಿನ ಮೇಲೆ ಉದ್ದಕ್ಕೂ ಗೆರೆ ಬಿದ್ದಿದೆ, ಅವರ ಇನ್ನೊಂದು ಕೈ ಮಂಡಿ ನೀವುತ್ತಿದೆ, ನಮ್ಮವ್ವನೂ ಹಿಂಗೇ ಕೇಳ್ತಿದ್ಲು ಕಣಮ್ಮ, ಎಂದರು, ಕನ್ನಡದಲ್ಲಿ, ಇಷ್ಟು ವರ್ಷದಲ್ಲಿ ಮೊದಲ ಸಲ ಕನ್ನಡದಲ್ಲಿ, ಮಗು ಇಲ್ಲೇ ಇರ್ಲಿ ಬಿಡು. ಇರಲಿ ಅಂದರು, ಇರಲಿ, ತೋಟಕ್ಕೆ ಓಡಿ ಸಂಜೀವಪ್ಪನಿಗೆ ಹೇಳಬೇಕು, ಸುವಾರ್ತೆಗೆ ಕಾಗದ ಬರೆಯಬೇಕು, ಕನ್ನಡದಲ್ಲೇ ಬರೆಯಬೇಕು, ಅವಳನ್ನೂ ಕರೆಸಿಕೊಳ್ಳಬೇಕು, ಎದೆ ಹಿಗ್ಗಿ ಹಿಗ್ಗಿ ಕುಪ್ಪಸ ಬಿಗಿಯಾಗುತ್ತಿದೆ — ಅಯ್ಯಗಾರ ಕಣ್ಣು ತೆರೆದಿದೆ, ಇವಳದು ತೆರೆದಿದೆ, ಕೋಳಿಯದೂ ತೆರೆದಿದೆ, ರಾಹೇಲು ಇನ್ನೂ ಹೇಳುತ್ತಲೇ ಇದ್ದಾಳೆ, ಮುಗಿಸುವ ಹಾಗೆ ಕಾಣುವುದಿಲ್ಲ, ಎಡಗಣ್ಣು, ಬಲಗಣ್ಣು, ಎರಡೂ, ಎರಡೂ ಮುಚ್ಚಿವೆ.