ಮೈಲುತುತ್ತಕ್ಕೆ ಅದ್ದಿದ ಕುಡುಗೋಲು

ದ್ರಾಕ್ಷಿ ಚಪ್ಪರಕ್ಕೆ ಔಷಧಿ ಹೊಡೆಯುವ ದಿನ ಮಧುರೆ ಹಳ್ಳಿಯ ಗೋಪಾಲಪ್ಪನವರು ಮೊದಲು ಸೂರ್ಯನಿಗೆ ಕೈಮುಗಿಯುತ್ತಾರೆ, ಆಮೇಲೆ ಹೆಂಡತಿ ಅಕ್ಕಯಮ್ಮನ ಕುಡುಗೋಲು ಹುಡುಕುತ್ತಾರೆ. ತಾಮ್ರದ ಉಪ್ಪಾದ ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ನೀರು ಬೆರೆಸಿ, ಅಲಗು ಅದ್ದಿ ನೋಡಬೇಕು. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ.

ಆ ಬೆಳಿಗ್ಗೆ ಅಕ್ಕಯಮ್ಮ ಕುಡುಗೋಲನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು. ಮದುವೆಯಾದ ವರ್ಷ ಅವರಪ್ಪ ಜಡಿಗೇನಹಳ್ಳಿಯಲ್ಲಿ ಮಾಡಿಸಿಕೊಟ್ಟದ್ದು ಅದು.

"ಇನ್ಮೇಲೆ ಇದನ್ನ ಕೊಡಲ್ಲ. ಅದ್ದಿ ಅದ್ದಿ ಬಿದಿಗೆ ಚಂದ್ರ ಮಾಡಿಟ್ಟಿದ್ದೀರ."

"ಸವೆಯೋದೆಲ್ಲಿಂದ ಬಂತೇ? ವರ್ಷವರ್ಷಾನೂ ತಾಮ್ರದ ಕವಚ ತೊಡಿಸ್ತಿದ್ದೀನಿ. ದೇವರಿಗೂ ಯಾರೂ ಇಷ್ಟು ಮಾಡ್ಸಲ್ಲ."

"ಬಿಂದು ಹೇಳ್ಲಿ. ಕೆಮಿಸ್ಟ್ರಿ ಓದ್ತಾವ್ಳೆ."

"ಓದ್ತಾನೇ ಅವ್ಳೆ! ಅದ್ರಲ್ಲೇ ತಾನೆ ಡುಮ್ಕಿ ಹೊಡ್ದಿದ್ದು?"

ಮೊಮ್ಮಗಳು ಬಿಂದುಶ್ರೀ ಪಿಯುಸಿ ಪರೀಕ್ಷೆ ಎರಡನೇ ಸಲ ಬರೆಯಲು ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಎಲೆಕ್ಟ್ರಾನ್ ಕೊಟ್ಟದ್ದು ಯಾವುದು, ಪಡೆದದ್ದು ಯಾವುದು ಎಂಬ ಪ್ರಶ್ನೆಗೆ ಮೊದಲ ಸಲ ಅವಳು ಬರೆದದ್ದೂ ತಾತನ ಮಾತನ್ನೇ: ಕಬ್ಬಿಣಕ್ಕೆ ತಾಮ್ರ ಸಿಕ್ಕಿತು, ಆದ್ದರಿಂದ ಪಡೆದದ್ದು ಕಬ್ಬಿಣ. ಮೇಷ್ಟ್ರು ಅಡ್ಡಗೆರೆ ಎಳೆದಿದ್ದರು. ಯಾಕೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

"ತಾತ ಹೇಳಿದ್ದೇ ಸರಿ ಅನ್ಸುತ್ತಜ್ಜಿ," ಎಂದಳು.

ಅಕ್ಕಯಮ್ಮನ ಮುಖ ಬಾಡಿತು. "ಹಂಗಾದ್ರೆ ಇದು ದಪ್ಪ ಆಗ್ಬೇಕಿತ್ತಲ್ಲೇ?"

ಬಿಂದು ಬಾಯಿಗೆ ಹಾಕಿಕೊಂಡಿದ್ದ ಪೆನ್ನನ್ನು ತೆಗೆದಳು. "ಅಜ್ಜಿ, ಇದೊಂದೇ ಸಲ ಕೊಡು."

ಸುಣ್ಣ ಬೆರೆಸದ ನೀಲಿ ನೀರನ್ನು ಹಳೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕುಡುಗೋಲಿನ ತುದಿಯನ್ನು ಅದ್ದಿಟ್ಟಳು. ಅಜ್ಜಿ ರೊಟ್ಟಿ ತಟ್ಟಿ ಮುಗಿಸಿ ಬರುವಷ್ಟರಲ್ಲಿ ತುದಿ ಕೆಂಪಾಗಿತ್ತು. ತೆಂಗಿನ ನಾರಿನಿಂದ ಉಜ್ಜಿದರೆ ಕವಚವೆಲ್ಲ ಕೆಸರಿನಂತೆ ಕೈಗೆ ಬಂತು. ಅದರಡಿಯ ಕಬ್ಬಿಣ ತರಿತರಿಯಾಗಿ ತಿಂದುಹೋಗಿತ್ತು. ಡಬ್ಬಿಯ ನೀಲಿಯೂ ಪೇಲವ.

"ಅಯ್ಯೋ, ಕೊಟ್ಟಿದ್ದು ಕಬ್ಬಿಣಾನೇ ತಾತ! ತನ್ನ ಎಲೆಕ್ಟ್ರಾನನ್ನ ನೀರಲ್ಲಿರೋ ತಾಮ್ರಕ್ಕೆ ಕೊಟ್ಟು ತಾನು ಕರಗಿ ನೀರಿಗಿಳೀತು. ಅದು ಆಕ್ಸಿಡೇಶನ್. ತಗೊಂಡ ತಾಮ್ರದ್ದು ರಿಡಕ್ಷನ್. ಕೊಟ್ಟೋನು ಕಾಣಲ್ಲ, ತಗೊಂಡೋನು ಮೇಲೆ ಹೊಳೀತಾ ಕೂತವ್ನೆ. ನಾನೂ ಹೊಳೆಯೋದನ್ನೇ ನೋಡ್ಬಿಟ್ಟೆ."

"ನಮ್ಮ ತವರಿಂದು ಯಾವಾಗ್ಲೂ ಕೊಡೋದೇ ಆಯ್ತು," ಎಂದರು ಅಕ್ಕಯಮ್ಮ, ಗಂಡನ ಕಡೆ ನೋಡದೆ.

ಗೋಪಾಲಪ್ಪ ಕತ್ತು ತುರಿಸಿಕೊಂಡರು. "ಫೇಲಾದ ಜಡ್ಜು ಕೊಟ್ಟ ತೀರ್ಪು ಒಪ್ಕೊಂಡೆ. ಈಗ ಅದ್ದೋಕೆ ಏನು ಮಾಡ್ಲಿ? ಎಲೆ ಸುಟ್ಟೋದ್ರೆ?"

ಅಕ್ಕಯಮ್ಮ ಎದ್ದು, ಗಂಡನ ಎಲೆಅಡಿಕೆ ಚೀಲಕ್ಕೆ ಕೈಹಾಕಿ ಅಡಕತ್ತರಿ ತೆಗೆದರು. ಅದು ಗೋಪಾಲಪ್ಪನವರ ಅಪ್ಪನ ಕಾಲದ್ದು. ಗೋಪಾಲಪ್ಪ ಅದಿಲ್ಲದೆ ಬೀಗರ ಮನೆಗೂ ಹೋಗುವವರಲ್ಲ.

"ಇದೂ ಕಬ್ಬಿಣಾನೇ."

ಗೋಪಾಲಪ್ಪ ಔಷಧಿ ಬೆರೆಸಿದ್ದ ಡ್ರಮ್ಮನ್ನು ನೋಡಿದರು, ಅಡಕತ್ತರಿಯನ್ನು ನೋಡಿದರು. "ತಡಿಯೇ, ತಡಿ," ಎಂದು ಇನ್ನೆರಡು ಚೆಂಬು ಸುಣ್ಣದ ನೀರು ಸುರಿದು ಚೆನ್ನಾಗಿ ತಿರುವಿದರು. ಕಣ್ಣುಮುಚ್ಚಿ ದೇವರನ್ನು ನೆನೆದು ಅದ್ದಿದರು. ಅಡಕತ್ತರಿ ಹೋದ ಹಾಗೇ ಕಪ್ಪಗೆ ಹೊರಗೆ ಬಂತು, ಒಂದಿಷ್ಟೂ ಕೆಂಪಿಲ್ಲ.

"ನೋಡಿದ್ಯಾ ಬಿಂದು," ಎಂದರು ಅಕ್ಕಯಮ್ಮ, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಇಷ್ಟು ವರ್ಷದಲ್ಲಿ ಮೊದಲನೇ ಸಲ ನಿಮ್ಮ ತಾತಂಗೆ ಸುಣ್ಣದ ಹದ ಒಂದೇ ಸಲಕ್ಕೆ ಸಿಕ್ತು."