ಬಾಯಿ ಮುಕ್ಕಳಿಸುವ ನೀರು

ಭಾದ್ರಪದ ಬಂತೆಂದರೆ ನಮ್ಮ ಉಗಾರ ಬುದ್ರುಕದಲ್ಲಿ ಎರಡು ಒಟ್ಟಿಗೇ ಬರುತ್ತವೆ. ಜೈನ ಬಸ್ತಿಯಲ್ಲಿ ದಶಲಕ್ಷಣ ಪರ್ವ, ಕಬ್ಬಿನ ಬದುವಿನ ಮೇಲೆ ಕಾಂಗ್ರೆಸ್ ಕಸದ ಬಿಳಿ ಹೂವು. ಮೊದಲನೆಯದಕ್ಕೆ ಮನೆ ತೊಳೆದು ಸಿದ್ಧವಾಗುತ್ತೇನೆ. ಎರಡನೆಯದಕ್ಕೆ ಎಷ್ಟು ಸಿದ್ಧವಾದರೂ ಸಾಲುವುದಿಲ್ಲ.

ನನ್ನ ಮಗಳು ಸ್ನೇಹಲಳಿಗೆ ಆರನೇ ವಯಸ್ಸಿನಿಂದ ಉಸಿರು ಕಟ್ಟುವ ದಮ್ಮು. ಈಗ ಹದಿನೈದು. ಆ ಕಸ ಹೂ ಬಿಡುವ ಮೊದಲೇ ಮುಖಕ್ಕೆ ಸೆರಗು ಕಟ್ಟಿಕೊಂಡು ಹಿತ್ತಲಿನದೆಲ್ಲ ಕಿತ್ತು ಹಾಕುತ್ತೇನೆ. ನನ್ನ ಹಿತ್ತಲಲ್ಲಿ ಕಿತ್ತರೆ ಏನಾಯಿತು, ರಸ್ತೆಯ ಎರಡೂ ಬದಿಗೆ ಕಾಗವಾಡದ ತನಕ ಬೆಳೆದು ನಿಂತಿರುತ್ತದೆ. ಒಂದು ವರ್ಷ ಅವಳನ್ನು ನನ್ನ ತವರು ಕಬ್ಬೂರಿಗೆ ಕಳಿಸಿ ನೋಡಿದೆ. ಅಲ್ಲೂ ಅದೇ ಕಸ, ಅದೇ ಸೀನು. ಮೂರನೇ ದಿನಕ್ಕೆ ನನ್ನ ಅಣ್ಣನೇ ಕರೆದುಕೊಂಡು ಬಂದು ಬಿಟ್ಟುಹೋದ. ಈಗ ಅವಳ ಬಟ್ಟೆ ಹೊರಗೆ ಒಣಗಿಸುವುದಿಲ್ಲ, ಅಡುಗೆಮನೆಯಲ್ಲೇ ಹಗ್ಗ ಕಟ್ಟಿದ್ದೇನೆ. ರೊಟ್ಟಿ ಬಡಿಯುವಾಗ ಅವಳ ಸಾಲಿಯ ಅಂಗಿಯ ತೋಳು ನನ್ನ ತಲೆಗೆ ತಾಗುತ್ತಿರುತ್ತದೆ.

ಮನೆಯಲ್ಲಿ ಎರಡು ಪಂಪು ಇವೆ. ನೀಲಿಯದು ದಮ್ಮು ಹತ್ತಿದಾಗ ತಕ್ಷಣಕ್ಕೆ. ಕಂದು ಬಣ್ಣದ್ದು ದಮ್ಮು ಹತ್ತದೇ ಇರಲಿ ಎಂದು ದಿನಾಲೂ ಮುಂಜಾನೆ ಮತ್ತು ಸಂಜೆ, ಆರಾಮಿದ್ದರೂ ಬಿಡದಂತೆ. ಕಂದು ಪಂಪಿನ ಔಷಧ ಬಾಯಲ್ಲಿ ಉಳಿದರೆ ಹುಣ್ಣಾಗುತ್ತದೆ, ಆದ್ದರಿಂದ ಪ್ರತಿ ಸಲವೂ ನೀರು ಹಾಕಿ ಮುಕ್ಕಳಿಸಿ ಉಗುಳಬೇಕು. ಎರಡು ವರ್ಷದ ಹಿಂದೆ ಇವಳು ಮೈಗಳ್ಳತನ ಮಾಡಿದಳು. ನಾಲಗೆಯ ಮೇಲೆಲ್ಲ ಒಡೆದ ಹಾಲಿನಂಥ ಬಿಳಿ ಪದರು ಬಂದು ಎಂಟು ದಿನ ಅನ್ನ ನುಂಗಲಾಗಲಿಲ್ಲ. ಆಮೇಲೆ ನಾನು ಬಚ್ಚಲ ಬಾಗಿಲಲ್ಲಿ ನಿಂತು ಹೇಳತೊಡಗಿದೆ: "ನೀರ ಹಾಕ್ಕೊಳ್ಳದ ಪಂಪ ಹೊಡ್ಕೊಂಡಿ ಅಂದ್ರ ನೋಡ ಮತ್ತ. ಅದಕಿಂತ ಹೊಡ್ಕೊಳ್ಳದ ಇರೂದ ಚಲೋ." ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಈ ವರ್ಷ ಪರ್ವಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಸ್ನೇಹಲ ಹತ್ತೂ ದಿನ ಒಪ್ಪತ್ತು ಹಿಡಿಯುತ್ತೇನೆ ಎಂದಳು. ಅಂದರೆ ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಕುಳಿತಲ್ಲೇ ಊಟ, ಅದರ ಜೊತೆಗೇ ಕಾಯಿಸಿ ಆರಿಸಿದ ನೀರು. ಎದ್ದ ಮೇಲೆ ಮರುದಿನ ಮಧ್ಯಾಹ್ನದ ತನಕ ಬಾಯಿಗೆ ಹನಿ ನೀರೂ ತಾಗಬಾರದು. ನಾನು ಬೇಡ ಎಂದೆ.

"ಮಮ್ಮಿ, ಖೋಖೋ ಬ್ಯಾಡ ಅಂದಿ, ಬಿಟ್ಟೆ. ಗ್ಯಾದರಿಂಗಿಗೆ ಡ್ಯಾನ್ಸ್ ಬ್ಯಾಡ ಅಂದಿ, ಬಿಟ್ಟೆ. ಇದಕ್ಕ ಓಡೂದೈತೇನ, ಕುಣಿಯೂದೈತೇನ? ಸುಮ್ನ ಕುಂಡ್ರೂದು. ಕುಂಡ್ರೂದರಾಗ ನಾ ಯಾರಿಗೂ ಸೋಲೂದಿಲ್ಲ."

ಅವಳ ಅಪ್ಪ ಪಾರಿಸ ನಕ್ಕುಬಿಟ್ಟರು. ಅತ್ತೆ ರಾಜಮತಿಯವರು ನಗಲಿಲ್ಲ. ಐವತ್ತು ವರ್ಷದಿಂದ ಒಪ್ಪತ್ತು ಮಾಡುತ್ತ ಬಂದವರು ಅವರು. "ಪಂಪಿಂದ ಮೊದಲ ಕೇಳೂನ ತಡಿ" ಎಂದು ಬಸ್ತಿಯಲ್ಲಿ ಪೂಜೆ ಮಾಡುವ ವೃಷಭ ಉಪಾಧ್ಯೆಯವರನ್ನು ಮನೆಗೇ ಕರೆಸಿದರು.

"ಪಂಪ ತೊಗೊಂಡ್ರ ಒಪ್ಪತ್ತ ಮುರೀತೈತೇನ್ರಿ?" ಎಂದು ಅತ್ತೆಯೇ ಕೇಳಿದರು.

"ಉಸರಾಡಿದ್ರ ವ್ರತ ಮುರೀತೈತೇನ್ರಿ ಬಾಯಾರ? ಅದೇನ ಊಟ ಅಲ್ಲ, ನೀರ ಅಲ್ಲ. ಗಾಳಿ. ಖುಶಾಲ ತೊಗೊಳ್ಲಿ ಕೂಸು."

"ಹಂಗಾದ್ರ ನಾನೂ ಚಾದ್ದು ಬರೇ ವಾಸನಿ ತೊಗೊತೀನಿ" ಎಂದರು ಅತ್ತೆ. ಉಪಾಧ್ಯೆಯವರು ಶಲ್ಯ ಬಾಯಿಗೆ ಹಿಡಿದು ನಕ್ಕರು. ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು. ಬಸ್ತಿಯ ಹಲಗೆಯ ಮೇಲೆ ಒಪ್ಪತ್ತು ಹಿಡಿದವರ ಹನ್ನೊಂದು ಹೆಸರುಗಳ ಕೆಳಗೆ ಹನ್ನೆರಡನೆಯದಾಗಿ ಅವಳ ಹೆಸರು ಬರೆದರು. ಅವಳು ಅದರ ಫೋಟೋ ತೆಗೆದುಕೊಂಡು ಗೆಳತಿಯರಿಗೆಲ್ಲ ಕಳಿಸಿದಳು.

ಮೊದಲ ನಾಲ್ಕು ದಿನ ಮನೆಯಲ್ಲಿ ಅವಳದೇ ರಾಜ್ಯ. ಅಜ್ಜಿ ಮೊಮ್ಮಗಳು ಎದುರುಬದುರು ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದರು. ಓಣಿಯ ಹೆಂಗಸರು ಬಂದು ಅವಳ ಗಲ್ಲ ಹಿಡಿದು, "ಇಷ್ಟ ಸಣ್ಣಾಕಿ, ಅದೂ ದಮ್ಮಿಟ್ಟಕೊಂಡು" ಎಂದು ಹೋಗುತ್ತಿದ್ದರು. ದಮ್ಮು ಎಂಬ ಮಾತು ಅವಳ ವಿಷಯದಲ್ಲಿ ಹೊಗಳಿಕೆಯಾಗಿ ಬಂದದ್ದು ಅದೇ ಮೊದಲು. ಅವಳು ತಲೆ ತಗ್ಗಿಸುತ್ತಿದ್ದಳು, ಆದರೆ ಕಿವಿ ಕೆಂಪಾಗುತ್ತಿದ್ದವು.

ಐದನೇ ದಿನ ಕೆಮ್ಮು ಸುರುವಾಯಿತು. ಕಂದು ಪಂಪು ತೆಗೆದು ಅದರ ಬೆನ್ನಿನ ಮೇಲಿನ ಅಂಕಿ ನೋಡಿದೆ. ಒತ್ತಿದಷ್ಟು ಸಲ ಅದು ಇಳಿಯುತ್ತದೆ. ಸರಿಯಾಗಿ ಇಳಿದಿತ್ತು. ಬಚ್ಚಲೊಳಗಿನ ಪುಸ್ ಎಂಬ ಸದ್ದನ್ನೂ ದಿನಾ ಎರಡು ಹೊತ್ತು ಕೇಳಿದ್ದೆ. ಹೂವಿನ ಕಾಲ, ಇಷ್ಟಾದರೂ ಬರುವುದೇ ಎಂದುಕೊಂಡು ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದೆ. ನೀಲಿ ಪಂಪನ್ನು ಅವಳು ಎಷ್ಟು ಸಲ ಒತ್ತುತ್ತಿದ್ದಳು ಎಂದು ನೋಡಲಿಲ್ಲ. ಅದಕ್ಕೆ ಅಂಕಿಯೂ ಇಲ್ಲ, ಮುಕ್ಕಳಿಸುವ ಕೆಲಸವೂ ಇಲ್ಲ.

ಎಂಟನೇ ದಿನ ಮಧ್ಯಾಹ್ನ ಊಟವಾದ ಮೇಲೆ ಬಸ್ತಿಗೆ ಹೋದೆವು. ಅರ್ಘ್ಯ ಕೊಡುವ ಹೊತ್ತಿಗೆ ಅವಳ ಕೈಯ ತಟ್ಟೆ ನಡುಗಿತು, ಅಕ್ಕಿ ಕಾಳು ಚೆಲ್ಲಿದವು. ತಿರುಗಿ ನೋಡಿದರೆ ಭುಜ ಎರಡೂ ಕಿವಿಯ ಹತ್ತಿರ ಬಂದಿದ್ದವು, ಕತ್ತಿನ ಕುಳಿ ಒಳಕ್ಕೆ ಎಳೆಯುತ್ತಿತ್ತು. ಚೀಲದಿಂದ ನೀಲಿ ಪಂಪು ತೆಗೆದು ಅಲ್ಲಾಡಿಸಿದೆ. ಖಾಲಿ. ಹೊಸದು ತಂದು ಹದಿನೈದು ದಿನವೂ ಆಗಿರಲಿಲ್ಲ.

ಪಾರಿಸ ಕಾರು ತಂದರು. ಮಿರಜದ ದವಾಖಾನೆಗೆ ಹೋಗುವಾಗ ಕಾಗವಾಡದ ಹತ್ತಿರ ಎದುರಿಗೆ ಟ್ರ್ಯಾಕ್ಟರು ಬಂದು ಗಾಡಿ ನಿಂತಿತು. ಗಾಜು ಏರಿಸಿದ್ದರೂ ರಸ್ತೆಯ ಬದಿಯ ಆ ಬಿಳಿ ಹೂವುಗಳು ಗಾಜಿಗೇ ಒರಗಿ ನಿಂತಿದ್ದವು. ನನ್ನ ತೊಡೆಯ ಮೇಲಿದ್ದವಳು ಮಾತಾಡಲು ನೋಡುತ್ತಿದ್ದಳು, ಒಂದು ಉಸಿರಿಗೆ ಒಂದೇ ಶಬ್ದ ಬರುತ್ತಿತ್ತು. "ನೀರ. ಬ್ಯಾಡ." ಬಾಟಲಿ ಹಿಡಿದಿದ್ದ ನನ್ನ ಕೈಯನ್ನು ದೂಡಿದಳು.

ದವಾಖಾನೆಯಲ್ಲಿ ಮೂಗು ಬಾಯಿ ಮುಚ್ಚಿ ಔಷಧದ ಹೊಗೆ ಬಿಟ್ಟರು, ರಕ್ತನಾಳಕ್ಕೆ ಸಲೈನ್ ಹಚ್ಚಿದರು. ಸಂಜೆಗೆ ಮುಖದ ನೀಲಿ ಇಳಿಯಿತು. ಡಾಕ್ಟರು ಮರಾಠಿಯಲ್ಲಿ ಕೇಳಿದರು, ದಿನದ ಪಂಪು ಎಷ್ಟು ದಿನದಿಂದ ಬಿಟ್ಟಿದ್ದೀರಿ? ಬಿಟ್ಟಿಲ್ಲ ಎಂದು ನಾನು ಪಂಪು ತೆಗೆದು ಅಂಕಿ ತೋರಿಸಿದೆ, ಜೋರಾಗಿಯೇ. ಸ್ನೇಹಲ ಮುಖದ ಮೇಲಿನ ಮಾಸ್ಕನ್ನು ಸರಿಸಿದಳು.

"ನಾ ತೊಗೊಂಡಿಲ್ಲ ಮಮ್ಮಿ. ಬಚ್ಚಲಾಗ ಗಾಳಿಗೆ ಹೊಡೀತಿದ್ದೆ."

"ಯಾಕವ್ವಾ?"

"ತೊಗೊಂಡ್ರ ಬಾಯಿಗೆ ನೀರ ಹಾಕ್ಕೋಬೇಕಲಾ. ಒಪ್ಪತ್ತ ಮುರೀತೈತಿ. ನೀರ ಇಲ್ಲದ ತೊಗೊಳ್ಳೂದಕಿಂತ ತೊಗೊಳ್ಳದ ಇರೂದ ಚಲೋ ಅಂತ ನೀನ ಅಂದಿದ್ದಿಯಲಾ."

ಪಾರಿಸ ನನ್ನ ಕಡೆ ನೋಡಿ ಕೂಡಲೇ ಬೇರೆ ಕಡೆ ನೋಡಿದರು. ಪಂಪಿನ ಬಗ್ಗೆ ಉಪಾಧ್ಯೆಯವರನ್ನು ಕರೆಸಿ ಕೇಳಿದ ಮನೆ ನಮ್ಮದು. ಆ ಒಂದು ಗುಟುಕು ನೀರು ನಮ್ಮಲ್ಲಿ ಯಾರ ನೆನಪಿಗೂ ಬರಲಿಲ್ಲ. ಅದನ್ನು ನೆನಪಿಟ್ಟವಳು ಅವಳೊಬ್ಬಳೇ.

"ಹನ್ನೆರಡಕ್ಕ ಊಟದ ಮುಂದ ತೊಗೊಂಡಿದ್ರ ಒಂದ ಹೊತ್ತಿಂದರ ಆಗತಿತ್ತಲಾ" ಎಂದೆ.

"ಆಗ ನೀ ಕೇಳತಿದ್ದಿ, ಮುಂಜಾನಿ ಯಾಕ ತೊಗೊಳ್ಳಿಲ್ಲ ಅಂತ. ನಂದ ಹೆಸರ ಅಳಸ್ತಿದ್ದಿ."

ಹೌದು, ಅಳಿಸುತ್ತಿದ್ದೆ.

ಡಾಕ್ಟರು ಹುಡುಗಿಗೆ ಬೈಯಲಿಲ್ಲ. ನಮ್ಮಿಬ್ಬರನ್ನೂ ಹೊರಗೆ ಕರೆದು ಹೇಳಿದರು. ಇದು ಇವಳಿಗೆ ಮೂರನೇ ದೊಡ್ಡ ಏಟು. ಪ್ರತಿ ಏಟಿಗೂ ಒಳಗಿನ ನಳಿಗೆಗಳು ಸ್ವಲ್ಪ ಬಿರುಸಾಗುತ್ತವೆ, ಮತ್ತೆ ಪೂರ್ತಿ ಸಡಿಲಾಗುವುದಿಲ್ಲ. ಉಸಿರಿನ ಬಲ ಅಳೆಯುವ, ಊದುವ ಮಾಪಕದಲ್ಲಿ ಮುನ್ನೂರು ದಾಟಿದರೆ ನಾವು ಗೆದ್ದಂತೆ, ಒಂದು ತಿಂಗಳು ನೋಡೋಣ. ಆಮೇಲೂ ದಾಟದಿದ್ದರೆ ಉಳಿದದ್ದನ್ನು ಕಾಪಾಡಿಕೊಳ್ಳುವುದಷ್ಟೇ.

ಅವತ್ತು ರಾತ್ರಿ ಗುಳಿಗೆಯ ಜೊತೆ ನೀರು ಕುಡಿಸಿದರು. ಅವಳು ಕಣ್ಣು ಮುಚ್ಚಿ ಕುಡಿದಳು.

ಅನಂತ ಚತುರ್ದಶಿಯ ಮರುದಿನ ಮನೆಗೆ ಬಂದೆವು. ಒಪ್ಪತ್ತು ಮುಗಿಸಿದ ಹನ್ನೊಂದು ಜನರ ಮೆರವಣಿಗೆ ವಾದ್ಯದೊಂದಿಗೆ ನಮ್ಮ ಬಾಗಿಲ ಮುಂದೆಯೇ ಹೋಯಿತು. ಕಿಟಕಿ ಮುಚ್ಚಿತ್ತು. ಸದ್ದು ದೂರ ಹೋಗುವ ತನಕ ಅವಳು ವಿಜ್ಞಾನದ ಪುಸ್ತಕದ ಒಂದೇ ಪುಟ ನೋಡುತ್ತಿದ್ದಳು. ಸಂಜೆ ಹೆಂಗಸರು ಬಂದು ಉಳಿದವರಿಗೆ ಕೊಟ್ಟಂಥದೇ ಸ್ಟೀಲ್ ಡಬ್ಬಿ ಅವಳಿಗೂ ಕೊಟ್ಟರು, "ಎಂಟ ದಿನ ಆದ್ರೂ ಮಾಡ್ಯಾಳಲ್ಲ" ಎಂದು. ಉಪಾಧ್ಯೆಯವರು ಬಾಗಿಲಲ್ಲೇ ನಿಂತರು. "ಔಷಧಕ್ಕ ಮುಕ್ಕಳಿಸಿ ಉಗುಳೂ ನೀರಿಗೆ ಏನ ದೋಷ ಐತ್ರಿ? ಒಂದ ಮಾತ ಕೇಳಿದ್ರ ಹೇಳತಿದ್ನೆಲ್ಲ" ಎಂದವರ ಕಣ್ಣಲ್ಲಿ ನೀರು ಬಂತು. ಅತ್ತೆ ಆವತ್ತು ಊಟ ಮಾಡಲಿಲ್ಲ.

ತಿಂಗಳು ಕಳೆಯಿತು. ಈಗ ಸ್ನೇಹಲ ಒಂದು ಹೊತ್ತೂ ತಪ್ಪಿಸುವುದಿಲ್ಲ. ನಾನು ಬಾಗಿಲಲ್ಲಿ ನಿಲ್ಲುವುದಿಲ್ಲ. ಬೇಕಾಗಿಲ್ಲ. ಹೇಳಿದಷ್ಟು ಮಾಡುತ್ತಾಳೆ, ಕೊಟ್ಟಷ್ಟು ಉಣ್ಣುತ್ತಾಳೆ, ಕಿಟಕಿ ಮುಚ್ಚು ಎನ್ನುವ ಮೊದಲೇ ಮುಚ್ಚುತ್ತಾಳೆ. ದಿನಾ ಮುಂಜಾನೆ ಮಾಪಕ ಊದುತ್ತಾಳೆ. ಮುಳ್ಳು ಇನ್ನೂರ ಮೂವತ್ತಕ್ಕೆ ಹೋಗಿ ನಿಲ್ಲುತ್ತದೆ. ಮೊದಮೊದಲು ಮತ್ತೊಮ್ಮೆ ಊದು ಎನ್ನುತ್ತಿದ್ದೆ, ಊದುತ್ತಿದ್ದಳು, ಇನ್ನೂರ ಇಪ್ಪತ್ತಾಗುತ್ತಿತ್ತು. ಈಗ ಒಂದೇ ಸಲ ಊದಿಸುತ್ತೇನೆ.

ನಿನ್ನೆ ಮಾಪಕ ಕೆಳಗಿಟ್ಟು ಅವಳೇ ಹೇಳಿದಳು, "ಮಮ್ಮಿ, ಮುಂದಿನ ವರ್ಷ ಬಸ್ತ್ಯಾಗ ಕೇಳಿದ್ರ ನನ್ನ ಹೆಸರ ಬರಸಬ್ಯಾಡ."

ಬೇಡ ಎನ್ನಲು ಇಷ್ಟು ದಿನ ಮಾತು ಹೊಂದಿಸಿಕೊಂಡವಳು ನಾನು. ಬಾಯಿಗೆ ಬಂದದ್ದು ಬೇರೆಯೇ. "ಈಗ ಗೊತ್ತಾತಲ್ಲವ್ವಾ. ಡಾಕ್ಟರನ್ನ ಕೇಳಿ, ಉಪಾಧ್ಯೇರನ್ನ ಕೇಳಿ, ಒಂದ ದಿನದ್ದರ ಮಾಡೂನು."

"ಬ್ಯಾಡ. ಕುಂಡ್ರೂದೂ ನನಗ ಆಗೂದಿಲ್ಲ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಅಳುವೂ ಇರಲಿಲ್ಲ. ಹೊಳೆಯ ಆಚೆ ಯಾರೋ ಕಬ್ಬು ಕಡಿದ ಹೊಲದ ಒಣಸೋಗೆಯ ರವದಿಗೆ ಬೆಂಕಿ ಇಟ್ಟಿದ್ದರು. ಮುಚ್ಚಿದ ಕಿಟಕಿಯ ಸಂದಿನಿಂದ ಬಂದ ಕರಿ ಬೂದಿಯ ಎಳೆಯೊಂದು ಅವಳ ದಿಂಬಿನ ಮೇಲೆ ಬಿದ್ದಿತ್ತು. ಝಾಡಿಸಿದರೆ ಹಾರುತ್ತದೆ. ಒದ್ದೆ ಬಟ್ಟೆ ತಂದು ಮೆಲ್ಲಗೆ ಒತ್ತಿ ತೆಗೆದೆ. ತೆಗೆಯುವಷ್ಟರಲ್ಲಿ ಇನ್ನೊಂದು ಬಂದು ಬಿತ್ತು.