ಸದ್ಯ ಆಟ ಹೋಗಿದೆ

ವೇದಾ ತಂದ ಕಾರಿನ ಬಲಗಡೆಯ ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಎಂದಿತು. ಚಕ್ರವನ್ನು ಸ್ಟೀರಿಂಗಿಗೆ ಜೋಡಿಸುವ ಸರಳಿನ ತುದಿಯಲ್ಲಿ ಒಂದು ಗುಂಡು ಕೀಲು ಇರುತ್ತದೆ, ಟೈ ರಾಡ್ ಎಂಡ್ ಎಂದು ಅದರ ಹೆಸರು. ಅದು ಸವೆದು ಸಡಿಲವಾದರೆ ಗ್ಯಾರೇಜಿನಲ್ಲಿ ನಾವು ‘ಆಟ ಬಂದಿದೆ’ ಎನ್ನುತ್ತೇವೆ. ಆಟ ಹೆಚ್ಚಾಗುತ್ತ ಹೋದರೆ ಒಂದು ದಿನ ಗುಂಡು ತನ್ನ ಬಟ್ಟಲಿನಿಂದ ಕಳಚಿಕೊಳ್ಳುತ್ತದೆ. ಆಮೇಲೆ ಸ್ಟೀರಿಂಗ್ ಎತ್ತ ತಿರುಗಿಸಿದರೂ ಆ ಚಕ್ರ ತನಗೆ ಬೇಕಾದ ಕಡೆ ಹೋಗುತ್ತದೆ.

ಎಡಗಡೆಯದೂ ಸವೆದಿತ್ತು. ಅದಕ್ಕೆ ಹೊಸದು ಸಿಕ್ಕಿತು, ಹಾಕಿದೆ. ಬಲಗಡೆಯದು ಬರಲು ಮೂರು ವಾರ ಎಂದರು. ಆ ವರ್ಷ, ಇಪ್ಪತ್ತೆರಡರಲ್ಲಿ, ಯಾವ ಬಿಡಿಭಾಗವೂ ಕೇಳಿದ ದಿನ ಸಿಗುತ್ತಿರಲಿಲ್ಲ.

ವೇದಾಗೆ ಕಾಯುವಷ್ಟು ಸಮಯ ಇರಲಿಲ್ಲ. ಮೈಸೂರಿನವರು, ರಾಕ್‌ವಿಲ್‌ನ ಒಂದು ಲ್ಯಾಬಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಗಂಡ ರವಿಶಂಕರ್ ವೀಸಾ ಸ್ಟಾಂಪಿಂಗಿಗೆಂದು ಊರಿಗೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಆರು ವರ್ಷದ ಮಗಳು ಶ್ರದ್ಧಾಳ ಸ್ಕೂಲು ಒಂದು ಕಡೆ, ಲ್ಯಾಬು ಇನ್ನೊಂದು ಕಡೆ. ಅಟ್ಲಾಂಟಾಕ್ಕೆ ಹೊರಟುನಿಂತ ಒಬ್ಬರಿಂದ ಹದಿನಾರು ವರ್ಷದ ಈ ಕಾರು ಕೊಂಡಿದ್ದರು. ನಮ್ಮ ಮೇರಿಲ್ಯಾಂಡಿನಲ್ಲಿ ಹಳೆಯ ಕಾರು ಕೈ ಬದಲಾದರೆ ಇನ್‌ಸ್ಪೆಕ್ಷನ್ ಪಾಸಾಗಬೇಕು. ಅದು ಸೋಮವಾರಕ್ಕಿತ್ತು.

ನಾನು ಗೈದರ್ಸ್‌ಬರ್ಗಿನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಶನಿವಾರ ಮಾತ್ರ ನಮ್ಮ ಜನರ ಹಳೆಯ ಕಾರುಗಳನ್ನು ಮನೆಯಲ್ಲೇ ನೋಡಿಕೊಡುತ್ತೇನೆ. ಕೆಲಸ ಕಲಿತದ್ದು ಮಂಗಳೂರಿನ ಬಸ್ ಗ್ಯಾರೇಜಿನಲ್ಲಿ. ಅಲ್ಲಿ ಒಂದು ಉಪಾಯವಿತ್ತು. ಸವೆದ ಕೀಲನ್ನು ಬಿಚ್ಚಿ, ವೈಸಿನ ಇಕ್ಕಳಕ್ಕೆ ಕಚ್ಚಿಸಿ, ಅದರ ತಲೆಯ ತಟ್ಟೆಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಿದರೆ ಬಟ್ಟಲು ಬಿಗಿಯಾಗುತ್ತದೆ. ಹೊಸದು ಬರುವ ತನಕ ಬಸ್ಸು ಎರಡು ಟ್ರಿಪ್ ಹೊಡೆಯಲಿ ಎಂದು ಹಾಗೆ ಮಾಡುತ್ತಿದ್ದೆವು. ಆದರೆ ಅಲ್ಲಿ ಬಸ್ಸು ಸಂಜೆ ವಾಪಸು ಬಂದೊಡನೆ ಮೇಸ್ತ್ರಿ ಅದರ ಕೆಳಗೆ ನುಗ್ಗಿ ಮತ್ತೆ ನೋಡುತ್ತಿದ್ದ.

ಈ ಕೀಲಿಗೂ ನಾಲ್ಕು ಪೆಟ್ಟು ಹಾಕಿ ಮತ್ತೆ ಜೋಡಿಸಿದೆ. ಚಕ್ರ ಅಲ್ಲಾಡಲಿಲ್ಲ. ಕೀ ಕೊಡುವಾಗ, “ಸದ್ಯ ಆಟ ಹೋಗಿದೆ,” ಎಂದೆ.

“ಸದ್ಯ!” ಎಂದು ವೇದಾ ಎದೆಯ ಮೇಲೆ ಕೈ ಇಟ್ಟುಕೊಂಡರು. “ನಂಗೆ ಎಷ್ಟು ಟೆನ್ಷನ್ ಆಗಿತ್ತು ಗೊತ್ತಾ ಅಂಕಲ್? ಸೋಮವಾರ ಫೇಲ್ ಆದ್ರೆ ಏನ್ ಮಾಡೋದು ಅಂತ ರಾತ್ರಿಯೆಲ್ಲಾ ನಿದ್ದೆ ಇಲ್ಲ.”

ನಾನು ಹೇಳಿದ ಸದ್ಯ ಎಂದರೆ ಈಗಿನ ಮಟ್ಟಿಗೆ, ನಾಳೆಯದು ಗೊತ್ತಿಲ್ಲ ಎಂದು. ಅವರ ಮೈಸೂರು ಕಡೆ, ಬಂದ ಕಂಟಕ ತಪ್ಪಿದಾಗ ಉಸಿರು ಬಿಟ್ಟು ಹೇಳುವ ಮಾತು ಅದು. ಅವರು ಯಾವುದನ್ನು ಕೇಳಿಸಿಕೊಂಡರು ಎಂಬುದು ಮುಖ ನೋಡಿದೊಡನೆ ನನಗೆ ತಿಳಿಯಿತು. ತಿದ್ದಲು ಅರ್ಧ ನಿಮಿಷ ಸಾಕಿತ್ತು. ಅಷ್ಟರಲ್ಲಿ ಅವರು ಪುಳಿಯೋಗರೆಯ ಡಬ್ಬಿ ಕೈಗೆ ಕೊಟ್ಟರು. ತೆಗೆದುಕೊಂಡೆ. ಮೂರು ವಾರ ತಾನೇ, ಹೊಸದು ಬಂದಾಗ ಕರೆದರಾಯಿತು ಎಂದುಕೊಂಡೆ.

ಕಾರು ಪಾಸಾಯಿತು. ಹೊಸ ಕೀಲೂ ಬಂತು. ಅದೇ ವಾರ ರಾಜ್ಯೋತ್ಸವದ ಊಟದ ಸಾಲಿನಲ್ಲಿ ವೇದಾ ಎಲ್ಲರೆದುರು, “ಮೋನಪ್ಪ ಅಂಕಲ್ ಕೈ ಇಟ್ರೆ ಹಳೇ ಗಾಡೀನೂ ಹೊಸದೇ,” ಎಂದರು. ಇಬ್ಬರು ಅಲ್ಲೇ ನನ್ನ ನಂಬರ್ ತೆಗೆದುಕೊಂಡರು. ಆ ಮಾತಿನ ಮೇಲೆ, ಅದು ಹಾಗಲ್ಲ, ನಾನು ಮಾಡಿದ್ದು ಸುತ್ತಿಗೆ ಕೆಲಸ ಎನ್ನಲು ನಾಲಿಗೆ ಏಳಲಿಲ್ಲ. ಕೀಲಿನ ಬಾಕ್ಸು ವಾಷಿಂಗ್ ಮಷೀನಿನ ಮೇಲಿನ ಶೆಲ್ಫಿನಲ್ಲಿ ಕುಳಿತಿತು.

ಮನೆಯಲ್ಲಿ ನಾನೂ ನನ್ನ ಹೆಂಡತಿ ಪ್ರೇಮಾವತಿಯೂ ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಅವಳ ಪ್ರಶ್ನೆ ಹೀಗಿತ್ತು:

“ಇದನ್ನೆಂತ ಪೂಜೆಗೆ ಇಟ್ಟದ್ದಾ?”

“ವೇದಾ ಅವರ ಕಾರಿನದ್ದು. ಹಾಕುವ.”

“ಬಟ್ಟೆ ಒಗೆಯಲಿಕ್ಕೆ ಬಂದಾಗೆಲ್ಲ ಹಾಕುವ ಅಂತ ಹೇಳುವುದು ನೀವು.”

ಪ್ರತಿ ಸಲ ಫೋನ್ ಎತ್ತಿಕೊಳ್ಳುತ್ತಿದ್ದೆ. ಏನೆಂದು ಶುರುಮಾಡುವುದು ಎಂದು ಕೆಳಗಿಡುತ್ತಿದ್ದೆ. ಅವರು ಓಡಿಸುವುದು ಮನೆ, ಸ್ಕೂಲು, ಲ್ಯಾಬು, ದಿನಕ್ಕೆ ಎಂಟು ಮೈಲಿ ಅಷ್ಟೇ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಥ್ಯಾಂಕ್ಸ್‌ಗಿವಿಂಗಿನ ಹಿಂದಿನ ಮಂಗಳವಾರ ನಮ್ಮ ಜನರ ವಾಟ್ಸ್ಆಪ್ ಗುಂಪಿನಲ್ಲಿ ವೇದಾ ಬರೆದರು: ‘ನಾಳೆ ಬೆಳಿಗ್ಗೆ ಏಳಕ್ಕೆ ಏಪೆಕ್ಸ್‌ಗೆ, ಅಕ್ಕನ ಮನೆಗೆ. ನಾನು, ಶ್ರದ್ಧಾ ಇಬ್ಬರೇ. ಯಾರಿಗಾದ್ರೂ ಏನಾದ್ರೂ ತಲುಪಿಸೋದಿದ್ರೆ ಹೇಳಿ.’

ಸುಮಾರು ಇನ್ನೂರೆಂಬತ್ತು ಮೈಲಿ, ಹೆಚ್ಚಿನದೆಲ್ಲ ಹೈವೇ. ಫೋನಿನಲ್ಲಿ ಹೇಳಿದರೆ ಮತ್ತೆ ಯಾವುದಾದರೂ ಎರಡು ಅರ್ಥದ ಮಾತಿನ ಹಿಂದೆ ಅಡಗಿಕೊಳ್ಳುತ್ತೇನೆ ಎಂಬ ಹೆದರಿಕೆ ನನಗೇ ಇತ್ತು. ಬೆಳಿಗ್ಗೆ ಆರಕ್ಕೆ ಜಾಕ್, ಸ್ಪ್ಯಾನರ್, ಬಾಕ್ಸು ಎಲ್ಲ ವ್ಯಾನಿಗೆ ಹಾಕಿದೆ. ಪ್ರೇಮಾವತಿ ಸ್ವೆಟರ್ ಹಾಕಿಕೊಂಡು ಪಕ್ಕಕ್ಕೆ ಬಂದು ಕುಳಿತಳು.

ನಾವು ಅವರ ಮನೆ ಮುಟ್ಟುವಾಗ ಮಗು ಆಗಲೇ ಹಿಂದಿನ ಸೀಟಿನಲ್ಲಿತ್ತು. ವೇದಾ ಡಿಕ್ಕಿ ಮುಚ್ಚುತ್ತಿದ್ದರು.

“ಅಯ್ಯೋ ಅಂಕಲ್, ಪಾರ್ಸೆಲ್ ಇತ್ತಾ? ಮೆಸೇಜ್ ಹಾಕಿದ್ರೆ ನಾನೇ ಬರ್ತಿದ್ನಲ್ಲಾ.”

“ಪಾರ್ಸೆಲ್ ಅಲ್ಲ. ಮಗುವನ್ನು ಇಳಿಸಿ. ಬಲಗಡೆಯ ಕೀಲು ನಾನು ಬದಲಾಯಿಸಲಿಲ್ಲ. ಹಳೆಯದಕ್ಕೇ ಸುತ್ತಿಗೆಯಲ್ಲಿ ಹೊಡೆದು ಬಿಗಿ ಮಾಡಿದ್ದು. ಈ ಕಾರು ಹೈವೇಗೆ ಹೋಗಬಾರದು.”

“ನೀವು ಸದ್ಯ ಆಟ ಹೋಗಿದೆ ಅಂದ್ರಲ್ಲ?”

“ಈಗಿನ ಮಟ್ಟಿಗೆ ಅಂತ ಹೇಳಿದ್ದು. ನಿಮಗೆ ಬೇರೆ ರೀತಿ ಕೇಳಿಸಿತು ಅಂತ ಆಗಲೇ ಗೊತ್ತಾಯ್ತು. ಸುಮ್ಮನಿದ್ದೆ.”

ವೇದಾ ಹಿಂದಿನ ಬಾಗಿಲು ತೆರೆದರು. ಶ್ರದ್ಧಾಳ ಬೆಲ್ಟ್ ಬಿಚ್ಚಿ ಅವಳನ್ನು ಎತ್ತಿ ಪ್ರೇಮಾವತಿಯ ಕೈಗೆ ಕೊಟ್ಟರು. “ಈಸ್ ಇಟ್ ಬ್ರೋಕನ್?” ಎಂದಿತು ಮಗು.

ಚಕ್ರ ಎತ್ತಿದೆ. ವೇದಾ, “ನಂಗೆ ತೋರಿಸಿ,” ಎಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎರಡೂ ಕೈ ಚಕ್ರದ ಮೇಲಿಟ್ಟರು. ಅಲ್ಲಾಡಿಸಿದರು. ಟಕ್ ಟಕ್. ಮೊದಲಿಗಿಂತ ದೊಡ್ಡದಾಗಿ. ಸ್ಪ್ಲಿಟ್ ಪಿನ್ ಎಳೆದು, ನಟ್ಟು ಬಿಚ್ಚಿ, ಕೀಲನ್ನು ಹೊರತೆಗೆದೆ. ನನ್ನ ಬೆರಳಲ್ಲಿ ಗುಂಡು ಬಟ್ಟಲೊಳಗೆ ಲೊಟಲೊಟ ಅಂದಿತು.

“ಇದು ಎಲ್ಲಿವರೆಗೆ ಬರ್ತಿತ್ತು ಅಂಕಲ್?”

ಏಪೆಕ್ಸ್‌ವರೆಗೆ ಬರುತ್ತಿತ್ತು ಎಂದರೆ ಇಬ್ಬರಿಗೂ ಹಗುರವಾಗುತ್ತಿತ್ತು. “ಗೊತ್ತಿಲ್ಲ,” ಎಂದೆ.

“ಪಾರ್ಟ್ ಯಾವಾಗ ಬಂತು?”

“ಮೂರು ವಾರ ಆಯ್ತು.”

“ಮೂರು ವಾರ ದಿನಾ ಇವಳನ್ನ ಇದ್ರಲ್ಲಿ ಕೂರಿಸ್ಕೊಂಡು ಹೋಗಿದೀನಿ.” ಅವರ ದನಿ ಏರಲಿಲ್ಲ. “ನಾನು ಹೇಳಿದೆ ಅಂತ ನಿಮ್ಮ ಹತ್ರ ಬಂದ್ರಲ್ಲ, ಅವರ ಗಾಡಿಗಳಿಗೂ ಹಿಂಗೇ ಹೊಡೆದಿದೀರಾ?”

“ಇಲ್ಲ.”

“ಹೆಂಗೆ ನಂಬ್ಲಿ?”

ಹಳೆಯದನ್ನು ಎಷ್ಟು ಸುತ್ತು ಬಿಚ್ಚಿದ್ದೆನೋ ಲೆಕ್ಕ ಹಿಡಿದು ಅಷ್ಟೇ ಸುತ್ತು ಹೊಸದನ್ನು ತಿರುಗಿಸಿದೆ. ಪಿನ್ ಹಾಕಿ ಮಡಚಿದೆ. ಚಕ್ರಗಳ ನೇರವನ್ನು ದಾರ ಕಟ್ಟಿ ನೋಡಿದೆ. ವೇದಾ ಒಂದೊಂದು ನಟ್ಟಿಗೂ ಕಣ್ಣಿಟ್ಟು ಕುಳಿತಿದ್ದರು. ಮುಗಿದ ಮೇಲೆ ಕೀ ನನ್ನ ಕಡೆ ಚಾಚಿದರು.

“ಮೊದ್ಲು ನೀವು ಓಡಿಸಿ. ಟೂ ಸೆವೆಂಟಿ ಹೈವೇ ಹತ್ತಿ, ನಾಲ್ಕು ಎಕ್ಸಿಟ್ ಹೋಗಿ ಬನ್ನಿ.”

ನಾನು ಕುಳಿತೆ. ಪ್ರೇಮಾವತಿ ಮಗುವನ್ನು ತಾಯಿಗೆ ಒಪ್ಪಿಸಿ ಬಂದು ನನ್ನ ಪಕ್ಕದ ಸೀಟಿನ ಬಾಗಿಲು ತೆರೆದಳು.

“ನೀನ್ಯಾಕೆ?”

“ಇದರಲ್ಲಿ ಅವರು ಇಬ್ಬರು ಹೋಗಲಿಕ್ಕಿದ್ದದ್ದಲ್ವಾ? ನಾವೂ ಇಬ್ಬರು. ಹೋಗಿ.”

ಗಂಟೆಗೆ ಅರವತ್ತೈದು ಮೈಲಿಯಲ್ಲಿ ಕಾರು ನೇರ ಹೋಯಿತು. ಸ್ಟೀರಿಂಗಿನಲ್ಲಿ ಸ್ವಲ್ಪವೂ ಅದುರಿಲ್ಲ. ಆದರೂ ಪಕ್ಕದಲ್ಲಿ ಲಾರಿ ಬಂದಾಗೆಲ್ಲ ನಾನು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದದ್ದನ್ನು ಅವಳು ನೋಡಿದಳು.

ವೇದಾ ಒಂಬತ್ತೂವರೆಗೆ ಹೊರಟರು. ಸಂಜೆ ತಲುಪಿದ ಸುದ್ದಿ ಪ್ರೇಮಾವತಿಯ ಫೋನಿಗೆ ಬಂತು, ನನ್ನದಕ್ಕಲ್ಲ. ಗುಂಪಿನಲ್ಲಿ ಅವರು ನನ್ನ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಬರೆದಿದ್ದರೆ ಒಳ್ಳೆಯದಿತ್ತು. ಆ ಕೆಲಸ ನನಗೇ ಬಿಟ್ಟಿದ್ದರು.

ಶನಿವಾರ ವೇಣುಗೋಪಾಲರಿಗೆ ಫೋನ್ ಮಾಡಿದೆ. ಊಟದ ಸಾಲಿನಲ್ಲಿ ನಂಬರ್ ತೆಗೆದುಕೊಂಡವರಲ್ಲಿ ಅವರು ಮೊದಲಿನವರು. ಅವರ ಕಾರಿನ ಮುಂಭಾಗದ ಕೆಲಸ ನಾನೇ ಮಾಡಿದ್ದು, ಎಲ್ಲ ಹೊಸದೇ ಹಾಕಿದ್ದು.

“ಗಾಡಿ ತನ್ನಿ, ಒಮ್ಮೆ ಎತ್ತಿ ತೋರಿಸುತ್ತೇನೆ. ನೀವೇ ಕೈ ಹಾಕಿ ನೋಡಿ.”

“ಯಾಕೆ ಸಾರ್? ಬೆಣ್ಣೆ ಥರ ಓಡ್ತಿದೆ. ವೇದಾ ಅವರು ಹೇಳಿದ್ದು ಸುಳ್ಳಲ್ಲ.”

“ಅವರ ಕಾರಿನ ವಿಷಯವೇ ಹೇಳಲಿಕ್ಕೆ ಇರುವುದು,” ಎಂದೆ. “ಐದು ನಿಮಿಷ ಪುರುಸೊತ್ತು ಉಂಟಾ ನಿಮಗೆ?”